ಕೆಂಪು ಗುಡ್ಡಕ್ಕೆ ಕರೆಂಟ್ ಬೈಕು

ಸಂಡೂರು ಕಣಿವೆಯಲ್ಲಿ ಕೆಂಪು ಬಣ್ಣಕ್ಕೆ ಬರವಿಲ್ಲ. ದೋಣಿಮಲೈ ಕಡೆಗೆ ಹೋಗುವ ರಸ್ತೆ, ರಸ್ತೆ ಬದಿಯ ಬೇವಿನ ಎಲೆ, ಲಾರಿಯ ಟಾರ್ಪಾಲು, ಶಾಲೆಗೆ ಹೋಗುವ ಮಕ್ಕಳ ಬಿಳಿ ಕಾಲುಚೀಲ ಎಲ್ಲಕ್ಕೂ ಮೆತ್ತಿಕೊಂಡಿರುವುದು ಕಬ್ಬಿಣದ ಅದಿರಿನ ದೂಳು. ರಾಷ್ಟ್ರೀಯ ಖನಿಜ ಅಭಿವೃದ್ಧಿ ನಿಗಮ 1977ರಲ್ಲಿ ಇಲ್ಲಿ ಅದಿರು ತೆಗೆಯಲು ಆರಂಭಿಸಿದ ಮೇಲೆ ದೋಣಿಮಲೈ ಎಂಬ ಹೆಸರು ಗುಡ್ಡಕ್ಕಿಂತ ಹೆಚ್ಚಾಗಿ ಗಣಿಗೆ, ಗಣಿಯ ನೌಕರರ ಬಡಾವಣೆಗೆ ಅಂಟಿಕೊಂಡಿತು.

ಒಂದು ಕಡೆ ದೋಣಿಮಲೈ ಸಾಲು, ಇನ್ನೊಂದು ಕಡೆ ರಾಮನದುರ್ಗದ ಸಾಲು, ದಕ್ಷಿಣಕ್ಕೆ ಕುಮಾರಸ್ವಾಮಿ ಬೆಟ್ಟ. ನಡುವಿನ ಕಣಿವೆಯಲ್ಲಿ ಸಂಡೂರು. ಬೆಟ್ಟಗಳನ್ನು ಸೀಳಿಕೊಂಡು ಹರಿಯುವ ನಾರಿಹಳ್ಳ ಭೀಮಗಂಡಿ, ಓಬಳಗಂಡಿಗಳಂಥ ಕಿರಿದಾದ ಕಂಡಿಗಳನ್ನು ಕೊರೆದಿದೆ. ಒಂದು ಹೆಜ್ಜೆಗೆ ಕಲ್ಲಿನ ಹಾಸು, ಮರುಹೆಜ್ಜೆಗೆ ಮೊಣಕಾಲುದ್ದದ ಕೊರಕಲು, ಅದರಾಚೆ ಕಡಲೆ ಗಾತ್ರದ ಅದಿರಿನ ಹರಳು. ಕಾಲ್ನಡಿಗೆಯವರಿಗೇ ಕಷ್ಟವಾದ ಇಂಥ ನೆಲ ಬೈಕಿನ ಹುಚ್ಚು ಹತ್ತಿದ ಹುಡುಗ ಹುಡುಗಿಯರ ಕಣ್ಣಿಗೆ ಬೇರೆಯೇ ಆಗಿ ಕಾಣುತ್ತದೆ. ಮೊಬೈಲಿನಲ್ಲಿ ನೋಡಿದ ವಿಡಿಯೊ ನೆನಪಾಗುತ್ತದೆ. ಈಗಿನ ವಿಡಿಯೊಗಳಲ್ಲಿ ಬೈಕು ಹೊಗೆ ಉಗುಳುವುದಿಲ್ಲ, ಗುಡುಗುವುದೂ ಇಲ್ಲ. ಹೊಲಿಗೆ ಯಂತ್ರದಂಥ ಸಣ್ಣ ಸದ್ದು ಮಾಡುತ್ತಾ ಗೋಡೆಯಂಥ ದಿಬ್ಬವನ್ನು ಏರಿಬಿಡುತ್ತದೆ. ಅದು ಬ್ಯಾಟರಿಯ ಬೈಕು.

ಈ ಬೈಕಿನ ಬಗ್ಗೆ ಮನೆಗಳಲ್ಲಿ ಎರಡು ನಂಬಿಕೆಗಳಿವೆ. ಕರೆಂಟ್ ಬೈಕೆಂದರೆ ತರಕಾರಿ ತರಲು ಬಳಸುವ ಸಾಧು ಸ್ಕೂಟರಿನ ಅಣ್ಣ, ಪೆಟ್ರೋಲ್ ಬೈಕಿನಷ್ಟು ಅಪಾಯವಿಲ್ಲ ಎಂಬುದು ತಂದೆತಾಯಿಯರ ನಂಬಿಕೆ. ಇದಕ್ಕೆ ಇರುವ ಬಲಕ್ಕೆ ಯಾವ ಗುಡ್ಡವೂ ಲೆಕ್ಕವಿಲ್ಲ ಎಂಬುದು ಮಕ್ಕಳ ನಂಬಿಕೆ. ಎರಡೂ ತಪ್ಪು. ಏಕೆ ಎಂಬುದನ್ನು ತಿಳಿಯಲು ಪ್ರಥಮ ಪಿಯುಸಿಯ ಭೌತವಿಜ್ಞಾನ ಸಾಕು.

ದೊಡ್ಡ ಅಂಕಿಯ ಒಳಗೇನಿದೆ?

ಬೆಂಗಳೂರಿನ ಅಲ್ಟ್ರಾವಯಲೆಟ್ ಕಂಪನಿ 2025ರ ಮಾರ್ಚಿನಲ್ಲಿ ‘ಶಾಕ್‌ವೇವ್’ ಎಂಬ ಬೈಕನ್ನು ಪರಿಚಯಿಸಿತು. ರಸ್ತೆಯಲ್ಲೂ ಓಡುವ, ರಸ್ತೆ ಬಿಟ್ಟ ನೆಲದಲ್ಲೂ ಓಡುವ ವಿದ್ಯುತ್ ಬೈಕು ಇದು. ಕಂಪನಿ ಪ್ರಕಟಿಸಿದಂತೆ ತೂಕ 120 ಕಿಲೋ, ಶಕ್ತಿ 14.5 ಅಶ್ವಶಕ್ತಿ, ಹಿಂದಿನ ಚಕ್ರದಲ್ಲಿ ಸಿಗುವ ಟಾರ್ಕ್ 505 ನ್ಯೂಟನ್ ಮೀಟರ್. ಶಕ್ತಿಯನ್ನು ಮಾತ್ರ ನೋಡಿದರೆ ಇದು 150 ಸಿಸಿಯ ಪೆಟ್ರೋಲ್ ಬೈಕಿಗೆ ಸಮ. ವಿದ್ಯಾರ್ಥಿಗಳ ಹುಬ್ಬೇರಿಸುವುದು ಆ 505.

ಟಾರ್ಕ್ ಎಂದರೆ ತಿರುಚುವ ಬಲ. ಬಾವಿಯ ರಾಟೆಯನ್ನು ತಿರುಗಿಸುವಾಗ, ಸ್ಪ್ಯಾನರಿನಿಂದ ನಟ್ಟು ಬಿಚ್ಚುವಾಗ ಕೈ ಕೊಡುವುದು ಇದನ್ನೇ. ಪೆಟ್ರೋಲ್ ಬೈಕುಗಳ ಕಂಪನಿಗಳು ಸಾಮಾನ್ಯವಾಗಿ ಎಂಜಿನ್ನಿನ ಟಾರ್ಕನ್ನು ಹೇಳುತ್ತವೆ. ಗೇರುಗಳ ಮೂಲಕ ಚಕ್ರಕ್ಕೆ ಬರುವ ಹೊತ್ತಿಗೆ ಅದು ಹಲವು ಪಟ್ಟು ಹೆಚ್ಚಿರುತ್ತದೆ. 505 ಎಂಬುದು ಹಾಗೆ ಹೆಚ್ಚಿದ ಮೇಲಿನ, ಚಕ್ರದ ಅಂಕಿ. ಎಂಜಿನ್ನಿನ ಅಂಕಿಯನ್ನೂ ಚಕ್ರದ ಅಂಕಿಯನ್ನೂ ಪಕ್ಕಪಕ್ಕ ಇಟ್ಟು ಹೋಲಿಸುವುದು ತೊಗರಿಯನ್ನು ಸೇರಿನಲ್ಲೂ ಬೇಳೆಯನ್ನು ಕಿಲೋದಲ್ಲೂ ಅಳೆದಂತೆ.

ಆದರೂ ಒಂದು ವ್ಯತ್ಯಾಸ ನಿಜ. ಪೆಟ್ರೋಲ್ ಎಂಜಿನ್ ತನ್ನ ಪೂರ್ತಿ ಬಲ ಕೊಡಬೇಕಾದರೆ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತಿರಬೇಕು. ಅದಕ್ಕೆಂದೇ ಕ್ಲಚ್ಚು, ಗೇರು. ವಿದ್ಯುತ್ ಮೋಟಾರಿಗೆ ಆ ಕಾಯುವಿಕೆ ಬೇಕಿಲ್ಲ. ನಿಂತಲ್ಲಿಂದಲೇ ಪೂರ್ತಿ ತಿರುಚುಬಲ ಕೊಡಬಲ್ಲದು. ಪೆಟ್ರೋಲ್ ಬೈಕು ಸದ್ದು ಏರಿಸಿ ಮುನ್ಸೂಚನೆ ಕೊಟ್ಟು ನೆಗೆಯುತ್ತದೆ. ಬ್ಯಾಟರಿ ಬೈಕು ಸುಮ್ಮನಿದ್ದು ನೆಗೆಯುತ್ತದೆ. ಅದು ಸಾಧುವೆಂಬ ತಂದೆತಾಯಿಯರ ನಂಬಿಕೆ ಇಲ್ಲಿಗೆ ಬಿದ್ದುಹೋಯಿತು.

ನೆಲ ಕೊಡುವಷ್ಟೇ ಬಲ

ಇನ್ನು ಮಕ್ಕಳ ನಂಬಿಕೆ. ಹಿಂದಿನ ಚಕ್ರದ ತ್ರಿಜ್ಯ ಸುಮಾರು 30 ಸೆಂಟಿಮೀಟರ್ ಎಂದು ಹಿಡಿಯೋಣ. 505ನ್ನು 0.3ರಿಂದ ಭಾಗಿಸಿದರೆ ಚಕ್ರ ನೆಲವನ್ನು ಹಿಂದಕ್ಕೆ ತಳ್ಳುವ ಬಲ ಸುಮಾರು 1,680 ನ್ಯೂಟನ್. ಮನೆಯ ಭಾಷೆಯಲ್ಲಿ 170 ಕಿಲೋ ತೂಕದಷ್ಟು ಬಲ. ಬೈಕು 120 ಕಿಲೋ, ಸವಾರ 70 ಕಿಲೋ, ಒಟ್ಟು 190 ಕಿಲೋ. ಕಾಗದದ ಮೇಲೆ ನೋಡಿದರೆ ಈ ಬೈಕು ಗೋಡೆಯಂಥ ದಿಬ್ಬವನ್ನೂ ಹತ್ತಬೇಕು!

ಆದರೆ ಚಕ್ರ ತಳ್ಳಿದಷ್ಟು ಬಲವನ್ನು ನೆಲವೂ ತಿರುಗಿ ಕೊಟ್ಟರೆ ಮಾತ್ರ ಬೈಕು ಮುಂದೆ ಹೋಗುತ್ತದೆ. ನೆಲ ಎಷ್ಟು ಕೊಡಬಲ್ಲದು ಎಂಬುದನ್ನು ತೀರ್ಮಾನಿಸುವುದು ಘರ್ಷಣೆ. ಒಣಗಿದ ಡಾಂಬರಿನ ಮೇಲೆ ಒಳ್ಳೆಯ ಟೈರಿನ ಘರ್ಷಣಾಂಕ 0.8ರ ಆಸುಪಾಸು, ಸಡಿಲ ಜಲ್ಲಿಯ ಮೇಲೆ ಅದರ ಅರ್ಧ, ಅಂದರೆ 0.4ರ ಆಸುಪಾಸು. ಕಣದಲ್ಲಿ ಹರಡಿದ ಕಡಲೆಯ ಮೇಲೆ ಕಾಲಿಟ್ಟವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗುಂಡಗಾದ ಅದಿರಿನ ಹರಳು ಟೈರಿನ ಕೆಳಗೆ ತಾನೇ ಉರುಳುತ್ತದೆ.

ಈಗ ಲೆಕ್ಕ ಮುಗಿಸಬಹುದು. ಏರು ಹತ್ತುವಾಗ ಒಟ್ಟು ತೂಕದ ಮೂರನೇ ಎರಡು ಭಾಗ ಹಿಂದಿನ ಚಕ್ರದ ಮೇಲಿದೆ ಎಂದುಕೊಂಡರೆ ಸುಮಾರು 127 ಕಿಲೋ. ಅದರ 0.4 ಪಾಲು ಎಂದರೆ 50 ಕಿಲೋ. ಮೋಟಾರು 170 ಕಿಲೋ ಬಲ ಕೊಡಲು ಸಿದ್ಧವಿದ್ದರೂ ನೆಲ ಸ್ವೀಕರಿಸುವುದು 50ನ್ನು ಮಾತ್ರ. ಉಳಿದದ್ದು ಚಕ್ರ ಗಿರಗಿರನೆ ತಿರುಗಿ ಕಲ್ಲು ಹಾರಿಸುವುದರಲ್ಲಿ ಮುಗಿಯುತ್ತದೆ. ನಾಲ್ಕು ಅಡಿಗೆ ಒಂದು ಅಡಿ ಏರುವ ಇಳಿಜಾರಿನಲ್ಲಿ ಭೂಮಿ ಈ ಬೈಕನ್ನೂ ಸವಾರನನ್ನೂ ಕೆಳಕ್ಕೆ ಎಳೆಯುವ ಬಲ ಸುಮಾರು 46 ಕಿಲೋ. ಕೈಯಲ್ಲಿ ಉಳಿದದ್ದು ನಾಲ್ಕು ಕಿಲೋ! ದಾರಿಯಲ್ಲಿ ಒಂದು ಮುಷ್ಟಿ ಗಾತ್ರದ ಕಲ್ಲು ಎದುರಾದರೆ ಅದೂ ಖರ್ಚಾಗುತ್ತದೆ. ಬೈಕು ನಿಲ್ಲುತ್ತದೆ, ಆಮೇಲೆ ಹಿಂದಕ್ಕೆ ಜಾರುತ್ತದೆ.

ಹಿಡಿದ ಅಂಕಿಗಳು ಅಂದಾಜಿನವು, ಟೈರು ನೆಲ ಬದಲಾದಂತೆ ಬದಲಾಗುತ್ತವೆ. ಆದರೆ ತೀರ್ಮಾನ ಬದಲಾಗದು. 14 ಅಶ್ವಶಕ್ತಿಯ ಜಾಗದಲ್ಲಿ 80 ಅಶ್ವಶಕ್ತಿಯ ಮೋಟಾರು ಕೂರಿಸಿದರೂ ಆ 50 ಕಿಲೋ 51 ಆಗುವುದಿಲ್ಲ. ಸ್ಪೇನ್ ದೇಶದಲ್ಲಿ ತಯಾರಾಗುವ ‘ಸ್ಟಾರ್ಕ್ ವಾರ್ಗ್’ ಎಂಬ ಸ್ಪರ್ಧಾ ಬೈಕಿಗೆ 80 ಅಶ್ವಶಕ್ತಿ ಇದೆ. ಅಂಥ ಬೈಕುಗಳಲ್ಲಿ ಬಲವನ್ನು ಕಡಿಮೆ ಮಾಡಿಕೊಳ್ಳುವ ಏರ್ಪಾಟೂ ಇರುತ್ತದೆ ಎಂಬುದು ಗಮನಿಸಬೇಕಾದ ಸಂಗತಿ. ಪಳಗಿದ ಸವಾರರು ಜಾರುವ ನೆಲದಲ್ಲಿ ಬಲ ಇಳಿಸಿಕೊಂಡೇ ಓಡಿಸುತ್ತಾರೆ. ಚಕ್ರ ಜಾರಿದೊಡನೆ ಮೋಟಾರಿಗೆ ಕಡಿವಾಣ ಹಾಕುವ ಟ್ರ್ಯಾಕ್ಷನ್ ಕಂಟ್ರೋಲ್ ಎಂಬ ಎಲೆಕ್ಟ್ರಾನಿಕ್ ವ್ಯವಸ್ಥೆಯೂ ಬಂದಿದೆ. ಅದು ಬಲವನ್ನು ಕತ್ತರಿಸಬಲ್ಲದೇ ಹೊರತು ನೆಲಕ್ಕೆ ಇಲ್ಲದ ಹಿಡಿತವನ್ನು ತಂದುಕೊಡಲಾರದು.

ಹಾಗಾದರೆ ಒಂದೇ ಗುಡ್ಡವನ್ನು ಒಬ್ಬರು ಹತ್ತಿ ಇನ್ನೊಬ್ಬರು ಉರುಳುವುದೇಕೆ? ಕಲಿತವರು ಮೊದಲು ದಾರಿಯನ್ನು ನಡೆದು ನೋಡುತ್ತಾರೆ. ಸೀಟಿನಿಂದ ಎದ್ದು ಕಾಲುಮೆಟ್ಟಿಲ ಮೇಲೆ ನಿಂತು, ಮುಂದಿನ ಚಕ್ರ ಏಳದಂತೆ, ಹಿಂದಿನ ಚಕ್ರ ಹಗುರವಾಗದಂತೆ ಮೈಯ ತೂಕವನ್ನು ಹಿಂದೆ ಮುಂದೆ ಸರಿಸುತ್ತಾರೆ. ಕಣ್ಣು ಚಕ್ರದ ಮುಂದಿನ ಕಲ್ಲಿನ ಮೇಲಲ್ಲ, ಹತ್ತು ಹದಿನೈದು ಅಡಿ ಆಚೆಗಿರುತ್ತದೆ. ಎಕ್ಸಿಲರೇಟರನ್ನು ಕೂದಲೆಳೆಯಷ್ಟು ತಿರುವುತ್ತಾರೆ. ಕಲಿಯದವರು ಹೆದರಿದಾಗ ಮೈ ಹಿಂದಕ್ಕೆ ವಾಲುತ್ತದೆ, ಹ್ಯಾಂಡಲ್ ಹಿಡಿದ ಕೈ ತಾನಾಗಿ ಎಕ್ಸಿಲರೇಟರನ್ನು ಇನ್ನಷ್ಟು ತಿರುವುತ್ತದೆ. ಪೆಟ್ರೋಲ್ ಬೈಕಿನಲ್ಲಿ ಎಡಗೈಯ ಕ್ಲಚ್ಚು ಒತ್ತಿ ಪಾರಾಗುವ ದಾರಿ ಇತ್ತು. ಬಹುತೇಕ ಬ್ಯಾಟರಿ ಬೈಕುಗಳಲ್ಲಿ ಕ್ಲಚ್ಚೇ ಇಲ್ಲ. ಕೆಲವು ಸ್ಪರ್ಧಾ ಬೈಕುಗಳಲ್ಲಿ ಸವಾರನ ಮಣಿಕಟ್ಟಿಗೆ ಒಂದು ದಾರ ಕಟ್ಟಿರುತ್ತಾರೆ. ಆತ ಬಿದ್ದರೆ ದಾರ ಕಿತ್ತು ಮೋಟಾರು ನಿಲ್ಲುತ್ತದೆ. ನೋಡಲು ಸಣ್ಣ ವಸ್ತು, ಕೈಕಾಲು ಉಳಿಸುವಂಥದ್ದು.

ಇಳಿಯುವಾಗ ಬರುವ ಕರೆಂಟು

ವಿದ್ಯುತ್ ಬೈಕಿನ ಒಂದು ಸೊಗಸು ಇಳಿಜಾರಿನಲ್ಲಿ ಕಾಣುತ್ತದೆ. ಎಕ್ಸಿಲರೇಟರ್ ಬಿಟ್ಟೊಡನೆ ಮೋಟಾರೇ ಡೈನಮೋ ಆಗಿ, ಓಟವನ್ನು ತಡೆಯುತ್ತಾ ಬ್ಯಾಟರಿಗೆ ಕರೆಂಟು ತುಂಬುತ್ತದೆ. ಇದಕ್ಕೆ ರೀಜನರೇಟಿವ್ ಬ್ರೇಕ್ ಎಂದು ಹೆಸರು. ಹಾಗಾದರೆ ಗುಡ್ಡ ಹತ್ತಿ ಇಳಿದರೆ ಖರ್ಚೇ ಇಲ್ಲವೇ?

190 ಕಿಲೋ ಭಾರವನ್ನು 300 ಮೀಟರ್ ಎತ್ತರಕ್ಕೆ ಒಯ್ಯಲು ಬೇಕಾದ ಶಕ್ತಿ ಸುಮಾರು 5.6 ಲಕ್ಷ ಜೌಲ್. ಮನೆಯ ಮೀಟರಿನ ಭಾಷೆಯಲ್ಲಿ ಯೂನಿಟ್ಟಿನ ಆರನೇ ಒಂದು ಭಾಗಕ್ಕಿಂತ ಕಡಿಮೆ. ಇದು ಎತ್ತುವ ಲೆಕ್ಕ ಮಾತ್ರ. ಕಲ್ಲುಮಣ್ಣಿನ ತಡೆ, ಮೋಟಾರಿನ ಬಿಸಿ, ಜಾರುವ ಚಕ್ರದ ದಂಡ ಇವೆಲ್ಲ ಸೇರಿ ಖರ್ಚು ಬಹಳ ಹೆಚ್ಚುತ್ತದೆ. ಇಳಿಯುವಾಗ ತಿರುಗಿ ಸಿಗುವುದು ಅದರಲ್ಲಿ ಒಂದು ಪಾಲು. ಕಂಪನಿ ಹೇಳುವ ಕಿಲೋಮೀಟರುಗಳು ಒರಟು ನೆಲದಲ್ಲಿ ಸಿಗುವುದಿಲ್ಲ. ಕಣಿವೆಯೊಳಗೆ ಬ್ಯಾಟರಿ ಬರಿದಾದರೆ ಬಾಟಲಿಯಲ್ಲಿ ಪೆಟ್ರೋಲ್ ತರಿಸಿದಂತೆ ಕರೆಂಟು ತರಿಸಲಾಗದು. ಗುಡ್ಡದ ದಾರಿಯಲ್ಲಿ 120 ಕಿಲೋ ತಳ್ಳಿಕೊಂಡು ಬರುವುದು ಒಬ್ಬರ ಕೆಲಸವಲ್ಲ.

ಇನ್ನೊಂದು ಅಪಾಯ ಅನೇಕರಿಗೆ ಹೊಳೆಯುವುದಿಲ್ಲ. ಪೂರ್ತಿ ತುಂಬಿದ ಬ್ಯಾಟರಿಗೆ ಮತ್ತೆ ಕರೆಂಟು ತುಂಬಲಾಗುವುದಿಲ್ಲ. ಗುಡ್ಡದ ಮೇಲೆಯೇ ಚಾರ್ಜು ಮಾಡಿ ಇಳಿಯಲು ಹೊರಟರೆ ಈ ಮೋಟಾರ್ ಬ್ರೇಕು ಮೊದಲ ಇಳಿಜಾರಿನಲ್ಲೇ ದುರ್ಬಲವಾಗಿರಬಹುದು. ಪೆಟ್ರೋಲ್ ಬೈಕನ್ನು ಗೇರಿನಲ್ಲಿಟ್ಟು ಆಫ್ ಮಾಡಿದರೆ ಇಳಿಜಾರಿನಲ್ಲೂ ನಿಲ್ಲುತ್ತದೆ. ಗೇರಿಲ್ಲದ ಬ್ಯಾಟರಿ ಬೈಕು ಬ್ರೇಕು ಬಿಟ್ಟೊಡನೆ ಉರುಳುತ್ತದೆ. ಅದಿರಿನ ದೂಳಂತೂ ಚೈನು, ಬ್ರೇಕ್ ಪ್ಯಾಡುಗಳನ್ನು ಅರಗಿನಂತೆ ಸವೆಸುತ್ತದೆ. ಮಸೂರಗಳಿಗೆ ಹೊಳಪು ಕೊಡಲು ಬಳಸುವ ಕೆಂಪು ಪುಡಿಯೂ ಕಬ್ಬಿಣದ ಆಕ್ಸೈಡೇ ಅಲ್ಲವೇ? ಪ್ರತಿ ಸವಾರಿಯ ನಂತರ ತೊಳೆದು, ಬ್ರೇಕು ನೋಡಿ, ಬ್ಯಾಟರಿಯ ಪೆಟ್ಟಿಗೆಗೆ ಕಲ್ಲು ಬಡಿದು ಬಿರುಕು ಬಿಟ್ಟಿದೆಯೇ ಎಂದು ಪರೀಕ್ಷಿಸಬೇಕು. ಪೆಟ್ಟು ತಿಂದ ಲಿಥಿಯಂ ಬ್ಯಾಟರಿಯನ್ನು ರಾತ್ರಿ ಮನೆಯೊಳಗೆ ಚಾರ್ಜಿಗಿಡುವುದು ಬೆಂಕಿಗೆ ಕರೆ ಕೊಟ್ಟಂತೆ.

ಇಳಿಜಾರಿನ ಕರೆಂಟಿನಿಂದ ನಿಜವಾದ ಲಾಭ ಪಡೆದವರೂ ಇದ್ದಾರೆ. ಸ್ವಿಟ್ಜರ್ಲೆಂಡಿನ ಬೀಲ್ ಊರಿನ ಬಳಿಯ ಸಿಮೆಂಟ್ ಕಾರ್ಖಾನೆಯ ಕಲ್ಲುಗಣಿಯಲ್ಲಿ 2018ರ ಹೊತ್ತಿಗೆ ‘ಇ-ಡಂಪರ್’ ಎಂಬ ಬ್ಯಾಟರಿ ಡಂಪರ್ ಕೆಲಸಕ್ಕೆ ಬಂತು. ಖಾಲಿ ತೂಕ ಸುಮಾರು 45 ಟನ್. ಕಲ್ಲು ಸಿಗುವುದು ಮೇಲೆ, ಅದನ್ನು ಸುರಿಯುವುದು ಕೆಳಗೆ. ಖಾಲಿಯಾಗಿ ಹತ್ತುವ ಡಂಪರ್ ಸುಮಾರು 65 ಟನ್ ಕಲ್ಲು ಹೊತ್ತು ಇಳಿಯುವಾಗ, ಹತ್ತಲು ಬಳಸಿದ ಕರೆಂಟನ್ನು ಬಹುತೇಕ ತಾನೇ ಉತ್ಪಾದಿಸಿಕೊಳ್ಳುತ್ತದೆ. ಬೈಕಿಗೆ ಈ ಭಾಗ್ಯವಿಲ್ಲ. ಹತ್ತಿದ ತೂಕದಲ್ಲೇ ಇಳಿಯುತ್ತದೆ. ಆದರೆ ದೋಣಿಮಲೈಯಂಥ ಗಣಿಗಳಲ್ಲೂ ಅದಿರು ಮೇಲಿದೆ, ರೈಲು ಕೆಳಗಿದೆ. ಮೋಟಾರು, ಬ್ಯಾಟರಿ, ಅವನ್ನು ಹದ್ದಿನಲ್ಲಿಡುವ ಎಲೆಕ್ಟ್ರಾನಿಕ್ಸ್ ಕಲಿತ ಡಿಪ್ಲೊಮಾ, ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಈ ಗುಡ್ಡಗಳಲ್ಲಿ ಬೈಕಿಗಿಂತ ದೊಡ್ಡ ಕೆಲಸ ಕಾದಿರಬಹುದು.

ಸದ್ದಿಲ್ಲದ್ದರ ತೊಂದರೆ

ಬ್ಯಾಟರಿ ಬೈಕು ಗಲಾಟೆ ಮಾಡುವುದಿಲ್ಲ, ಆದ್ದರಿಂದ ಕಾಡಿಗೆ ಒಳ್ಳೆಯದು ಎಂಬ ವಾದವಿದೆ. ಅರ್ಧ ಸತ್ಯ. ಸಂಡೂರಿನ ಕಾಡು, ಕಮಲಾಪುರದ ಬಳಿಯ ಬಂಡೆಗುಡ್ಡಗಳು ಕರಡಿಯ ನಾಡು. 1994ರಲ್ಲಿ ದರೋಜಿಯಲ್ಲಿ ಕರಡಿಗಳಿಗೆಂದೇ ಅಭಯಧಾಮ ಘೋಷಿಸಿದ್ದು ಇದೇ ಕಾರಣಕ್ಕೆ. ಕರಡಿ ಸಾಮಾನ್ಯವಾಗಿ ಮನುಷ್ಯನ ಸದ್ದು ಕೇಳಿದರೆ ಸರಿದು ಹೋಗುತ್ತದೆ. ಹತ್ತಿರದಲ್ಲಿ ಥಟ್ಟನೆ ಎದುರಾದರೆ ಗಾಬರಿಯಿಂದ ಮೇಲೆ ಬೀಳುತ್ತದೆ. ಸದ್ದಿಲ್ಲದೆ ತಿರುವು ದಾಟಿ ಬರುವ ಬೈಕು ಇಂಥ ಭೇಟಿಗೆ ಹೇಳಿ ಮಾಡಿಸಿದಂತಿದೆ, ಅದೂ ಕರಡಿ ಹೊರಬರುವ ಮುಸ್ಸಂಜೆಯ ಹೊತ್ತಿನಲ್ಲಿ. ಕುರಿ ಹಿಂಡಿನ ಹಿಂದೆ ನಡೆಯುವ ಕುರುಬರಿಗೂ, ಸೌದೆ ಹೊತ್ತ ಹೆಂಗಸರಿಗೂ ಬೆನ್ನ ಹಿಂದೆ ಬಂದ ಬೈಕು ಕೇಳಿಸುವುದಿಲ್ಲ.

ಗುಡ್ಡಕ್ಕೂ ಗಾಯವಾಗುತ್ತದೆ. ಬಳ್ಳಾರಿ ಜಿಲ್ಲೆಯ ಅಕ್ರಮ ಗಣಿಗಾರಿಕೆಯ ಬಗ್ಗೆ 2011ರ ಜುಲೈನಲ್ಲಿ ಲೋಕಾಯುಕ್ತ ವರದಿ ಬಂತು. ಅದೇ ತಿಂಗಳು ಸುಪ್ರೀಂ ಕೋರ್ಟ್ ಜಿಲ್ಲೆಯಲ್ಲಿ ಗಣಿಗಾರಿಕೆಗೆ ತಡೆ ಹಾಕಿತು. ಮುಂದೆ ಗಣಿಗಳು ಮತ್ತೆ ಬಾಗಿಲು ತೆರೆಯಬೇಕಾದರೆ ಕೆಡಿಸಿದ ನೆಲವನ್ನು ಸರಿಪಡಿಸುವ ಯೋಜನೆ ಬೇಕಾಯಿತು. ತ್ಯಾಜ್ಯಮಣ್ಣಿನ ದಿಬ್ಬಗಳಿಗೆ ತಡೆಗೋಡೆ ಕಟ್ಟಿ, ಇಳಿಜಾರುಗಳಲ್ಲಿ ಗಿಡ ಬೆಳೆಸಿ, ಹಳ್ಳಗಳಿಗೆ ಒಡ್ಡು ಹಾಕಿದ್ದು ಈ ಕ್ರಮದಲ್ಲಿ. ಬೈಕಿನ ಹುಡುಗರಿಗೆ ಇಷ್ಟವಾಗುವುದು ಅಂಥ ಇಳಿಜಾರುಗಳೇ. ಗಿರಗಿರನೆ ತಿರುಗಿದ ಟೈರು ಬಿಟ್ಟ ಗೆರೆ ಮೊದಲ ಮಳೆಗೆ ಕಾಲುವೆ, ಎರಡನೆಯ ಮಳೆಗೆ ಕೊರಕಲು. ಅಲ್ಲಿಂದ ಕೊಚ್ಚಿದ ಮಣ್ಣು ಕೆಳಗಿನ ಹೊಲಕ್ಕೆ, ಕೆರೆಗೆ, ನಾರಿಹಳ್ಳಕ್ಕೆ ಇಳಿಯುತ್ತದೆ. ಲಾರಿಗಳು ಮಾಡಿದ ಗಾಯ ಮಾಯುತ್ತಿರುವಾಗ ಮೋಜಿಗಾಗಿ ಅದನ್ನು ಕೆರೆಯುವುದು ನ್ಯಾಯವಲ್ಲ. ಕಾಯ್ದಿಟ್ಟ ಅರಣ್ಯದೊಳಕ್ಕೆ ಅನುಮತಿಯಿಲ್ಲದೆ ನುಗ್ಗುವುದು ಅಪರಾಧವೂ ಹೌದು. ನಡೆಯುತ್ತಿರುವ ಗಣಿಯ ಪ್ರದೇಶಕ್ಕೆ ಹೊರಗಿನವರು ಹೋಗುವಂತಿಲ್ಲ, ಹೋದರೆ ಡಂಪರಿನ ಚಾಲಕನ ಕಣ್ಣಿಗೆ ಬೈಕು ಕಾಣುವುದೂ ಇಲ್ಲ.

ತಂದೆತಾಯಿಯರು ತಿಳಿದಿರಬೇಕಾದದ್ದು

‘ಬ್ಯಾಟರಿ ಬೈಕಿಗೆ ಲೈಸೆನ್ಸ್ ಬೇಡ’ ಎಂಬ ಮಾತು ಅಂಗಡಿಗಳಲ್ಲಿ ಕೇಳಿಬರುತ್ತದೆ. ಅದು ಅನ್ವಯಿಸುವುದು ಮೋಟಾರಿನ ಶಕ್ತಿ 250 ವ್ಯಾಟಿಗಿಂತ ಕಡಿಮೆ, ಗರಿಷ್ಠ ವೇಗ ಗಂಟೆಗೆ 25 ಕಿಲೋಮೀಟರಿಗಿಂತ ಕಡಿಮೆ, ಬ್ಯಾಟರಿ ಬಿಟ್ಟು ತೂಕ 60 ಕಿಲೋ ಮೀರದ ಪುಟ್ಟ ವಾಹನಗಳಿಗೆ ಮಾತ್ರ. ಮೇಲೆ ಹೇಳಿದ ಬೈಕಿನ ಶಕ್ತಿ 10,000 ವ್ಯಾಟಿಗೂ ಹೆಚ್ಚು. ಅಂಥದ್ದಕ್ಕೆ ನೋಂದಣಿ, ವಿಮೆ, ಹೆಲ್ಮೆಟ್, 18 ತುಂಬಿದ ಮೇಲಿನ ಲೈಸೆನ್ಸ್ ಎಲ್ಲವೂ ಬೇಕು. ಪುಟ್ಟ ವಾಹನದ ವೈರು ಕತ್ತರಿಸಿ ವೇಗದ ಮಿತಿ ತೆಗೆದರೆ ಆ ಕ್ಷಣದಿಂದ ಅದಕ್ಕೂ ಈ ರಿಯಾಯಿತಿ ಇಲ್ಲ. ಅಪಘಾತವಾದರೆ ವಿಮೆಯ ಆಸರೆಯೂ ಇಲ್ಲ.

ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 199ಎ ಕಲಮನ್ನು ಪ್ರತಿ ಪೋಷಕರೂ ತಿಳಿದಿರಬೇಕು. ಅಪ್ರಾಪ್ತ ವಯಸ್ಸಿನ ಮಗ ಅಥವಾ ಮಗಳು ವಾಹನ ಓಡಿಸಿ ಅಪರಾಧವೆಸಗಿದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ವಾಹನದ ನೋಂದಣಿ 12 ತಿಂಗಳು ರದ್ದು. ಓಡಿಸಿದವರಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. ಹದಿನಾರರ ಆಸೆಗೆ ತೆರಬೇಕಾದ ಬೆಲೆ ಒಂಬತ್ತು ವರ್ಷ.

ಹಾಗೆಂದು ಆಸೆಯನ್ನೇ ಚಿವುಟಬೇಕಿಲ್ಲ. ಒರಟು ನೆಲದ ಸವಾರಿ ಒಂದು ಕ್ರೀಡೆ, ಕನ್ನಡ ನಾಡಿನವರು ಅದರಲ್ಲಿ ಹೆಸರು ಮಾಡಿದ್ದಾರೆ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ರ್‍ಯಾಲಿಯನ್ನು ಪೂರೈಸಿದ ಮೊದಲ ಭಾರತೀಯರಾದರು. ಬೆಂಗಳೂರಿನವರೇ ಆದ ಐಶ್ವರ್ಯಾ ಪಿಸ್ಸೆ 2018ರಲ್ಲಿ ಸ್ಪೇನಿನ ಸ್ಪರ್ಧೆಯೊಂದರಲ್ಲಿ ಬಿದ್ದು ಮೇದೋಜೀರಕಕ್ಕೆ ಪೆಟ್ಟು ಮಾಡಿಕೊಂಡರು. ಮರುವರ್ಷ, 2019ರಲ್ಲಿ, ಬಾಹಾ ವಿಶ್ವಕಪ್ಪಿನ ಮಹಿಳಾ ವಿಭಾಗವನ್ನು ಗೆದ್ದರು. ಇಬ್ಬರೂ ಓಡಿಸಿದ್ದು ಪೆಟ್ರೋಲ್ ಬೈಕು. ವಿದ್ಯುತ್ ಬೈಕುಗಳಿಗೆಂದೇ ಅಂತಾರಾಷ್ಟ್ರೀಯ ಮೋಟಾರ್‌ಸೈಕಲ್ ಒಕ್ಕೂಟದ ಆಶ್ರಯದಲ್ಲಿ ಇ-ಎಕ್ಸ್‌ಪ್ಲೋರರ್ ವಿಶ್ವಕಪ್ 2023ರಲ್ಲಿ ಆರಂಭವಾಯಿತು. ಅದರಲ್ಲಿ ಒಂದೊಂದು ತಂಡದಲ್ಲೂ ಒಬ್ಬ ಪುರುಷ, ಒಬ್ಬ ಮಹಿಳೆ.

ಇಷ್ಟು ಪಳಗಿದ ಸಂತೋಷ್ ಅವರೇ 2021ರ ಜನವರಿಯಲ್ಲಿ ಸೌದಿ ಅರೇಬಿಯಾದ ಡಕಾರ್ ರ್‍ಯಾಲಿಯಲ್ಲಿ ಬಿದ್ದು ತಲೆಗೆ ಪೆಟ್ಟಾಗಿ ಪ್ರಜ್ಞಾಹೀನ ಸ್ಥಿತಿಯಲ್ಲಿ ಆಸ್ಪತ್ರೆ ಸೇರಿದ್ದರು. ಅಲ್ಲಿ ವೈದ್ಯರು, ಹೆಲಿಕಾಪ್ಟರ್ ಹತ್ತಿರದಲ್ಲೇ ಇದ್ದವು. ಮೊಬೈಲ್ ಸಿಗ್ನಲ್ ಸಿಗದ ಕಂಡಿಯಲ್ಲಿ ಒಬ್ಬಂಟಿಯಾಗಿ ಬಿದ್ದ ಹುಡುಗನ ಬಳಿ ಇವು ಯಾವುವೂ ಇರುವುದಿಲ್ಲ.

ಕಲಿಯುವ ಜಾಗಗಳು ಬೇರೆ ಇವೆ. ಸಂತೋಷ್ ಅವರೇ ಕೋಲಾರದ ಬಳಿ ‘ಬಿಗ್ ರಾಕ್’ ಎಂಬ ಮಣ್ಣಿನ ಟ್ರ್ಯಾಕಿನಲ್ಲಿ ತರಬೇತಿಯ ಶಾಲೆ ಕಟ್ಟಿದರು. ಅಂಥ ಕಡೆ ಸಣ್ಣ ಬೈಕಿನಲ್ಲಿ, ಮೊಣಕಾಲು ಮೊಣಕೈ ಎದೆಗೆ ಕವಚ ತೊಟ್ಟು, ಬೀಳುವುದನ್ನೂ ಏಳುವುದನ್ನೂ ಗುರುಗಳ ಎದುರಿಗೆ ಕಲಿಯಬಹುದು. ಸಂಡೂರು, ಹೊಸಪೇಟೆ, ಕಂಪ್ಲಿಯ ಮಕ್ಕಳಿಗೆ ಅದು ದೂರ ಎನ್ನುವುದಾದರೆ ಶುರುಮಾಡಲು ಮನೆಯ ಸೈಕಲ್ ಸಾಕು. ಸಡಿಲ ಜಲ್ಲಿಯ ಏರಿನಲ್ಲಿ ಪೆಡಲನ್ನು ಎಷ್ಟು ಮೆಲ್ಲಗೆ ತುಳಿದರೆ ಹಿಂದಿನ ಚಕ್ರ ಜಾರುವುದಿಲ್ಲ, ಮೈ ಎಷ್ಟು ಬಾಗಿಸಿದರೆ ಮುಂದಿನ ಚಕ್ರ ಏಳುವುದಿಲ್ಲ ಎಂಬುದನ್ನು ಅದು ಖರ್ಚಿಲ್ಲದೆ ಕಲಿಸುತ್ತದೆ. ಬಿದ್ದರೂ ಮೈಮೇಲೆ ಬೀಳುವುದು 15 ಕಿಲೋ, 120 ಅಲ್ಲ.

ಮುಂದೊಂದು ದಿನ ಮಗನೋ ಮಗಳೋ 505 ಎಂಬ ಅಂಕಿಯನ್ನು ಹಿಡಿದುಕೊಂಡು ಬಂದರೆ ಗದರುವ ಮೊದಲು ಒಂದು ಹಾಳೆ, ಒಂದು ಪೆನ್ನು ಕೊಟ್ಟು, ಅದರಲ್ಲಿ ನೆಲ ಎಷ್ಟನ್ನು ಸ್ವೀಕರಿಸುತ್ತದೆ ಎಂದು ಲೆಕ್ಕ ಹಾಕಿಸಿ. ಆ ಲೆಕ್ಕವನ್ನು ತಾಳ್ಮೆಯಿಂದ ಮುಗಿಸಿದವರು ಹದಿನೆಂಟರವರೆಗೆ ಕಾಯುವ ತಾಳ್ಮೆಯನ್ನೂ ಕಲಿತಾರು.